ಚಾಪ್ಲೆನ್‌ಗೆ ಕನ್ನಡದಲ್ಲಿ ಏನನ್ನೋಣ?

ನನ್ನ ಅಕ್ಕನ ಮಗಳು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಹೋದ ವಾರ ಫೋನ್ ಮಾಡಿದಾಗ, ಕೊನೆಗಾಲದಲ್ಲಿದ್ದ ಅಜ್ಜನೊಬ್ಬನ ಕೈ ಹಿಡಿದು ಚಾಪ್ಲೆನ್ ರಾತ್ರಿಯಿಡೀ ಕೂತಿದ್ದರು ಎಂದಳು. ಬೆಳಗಾವಿಯಲ್ಲಿ ಸ್ಪೀಕರಿಗೆ ಕಿವಿಗೊಟ್ಟು ಕೂತಿದ್ದ ಅವ್ವ ‘ಹಂಗಂದ್ರ ಯಾರು?’ ಎಂದಳು. ‘ಪಾದ್ರಿ’ ಅಂದೆ. ‘ಆ ಅಜ್ಜ ಕ್ರಿಶ್ಚಿಯನ್ನಾ?’ ಅಲ್ಲ, ಗುಜರಾತಿ ಹಿಂದೂ. ಕೂತಿದ್ದವರೂ ಹಿಂದೂನೇ. ಅಲ್ಲಿಗೆ ನಾನು ಹೇಳಿದ ಅರ್ಥ ತಪ್ಪಾಯಿತು. ಆಸ್ಪತ್ರೆಯಂಥ ಕಡೆ ಜನರಿಗೆ ಧೈರ್ಯ, ಸಮಾಧಾನ ಹೇಳಲು ಇರುವ ಚಾಪ್ಲೆನ್ ಯಾವ ಧರ್ಮದವರೂ ಆಗಿರಬಹುದು.

ಪದದ ಬೆನ್ನು ಹತ್ತಿದೆ. ಬೇರು ಲ್ಯಾಟಿನ್ನಿನ ‘ಕಪ್ಪಾ’, ಅಂದರೆ ಮೈಮೇಲೆ ಹೊದೆಯುವ ನಿಲುವಂಗಿ. ನಾವು ದಿನಾ ಹೇಳುವ ಕ್ಯಾಪ್ ಕೂಡ ಅಲ್ಲಿಯದೇ. ನಾಲ್ಕನೇ ಶತಮಾನದಲ್ಲಿ ಮಾರ್ಟಿನ್ ಎಂಬ ರೋಮನ್ ಸಿಪಾಯಿ ಇದ್ದ. ಫ್ರಾನ್ಸಿನ ಆಮಿಯೆ ಊರಿನ ಅಗಸೆ ಬಾಗಿಲಲ್ಲಿ, ಕೊರೆಯುವ ಚಳಿಯಲ್ಲಿ ಬರಿಮೈಯ ಭಿಕ್ಷುಕನೊಬ್ಬ ಅವನ ಕಣ್ಣಿಗೆ ಬಿದ್ದ. ಕತ್ತಿ ಹಿರಿದು ತನ್ನ ಹೊದಿಕೆಯನ್ನೇ ಎರಡು ಸೀಳು ಮಾಡಿ, ಒಂದನ್ನು ಅವನಿಗೆ ಹೊದಿಸಿದ ಅನ್ನುವುದು ಕಥೆ. ಮುಂದೆ ತೂರ್ ಊರಿನ ಬಿಷಪ್ ಆಗಿ 397ರಲ್ಲಿ ತೀರಿಕೊಂಡ. ಅವನ ಹೊದಿಕೆಯೆಂದು ನಂಬಿದ ಬಟ್ಟೆಯನ್ನು ಫ್ರಾಂಕ್ ರಾಜರು ಕಾಪಾಡಿಕೊಂಡು ಬಂದರು. ದಂಡಿನ ಜೊತೆ ಒಯ್ಯುತ್ತಿದ್ದರು, ಅದರ ಮೇಲೆ ಆಣೆ ಮಾಡಿಸುತ್ತಿದ್ದರು. ಅದು ‘ಕಪ್ಪೆಲ್ಲಾ’, ಚಿಕ್ಕ ಹೊದಿಕೆ. ಅದನ್ನಿಟ್ಟ ಜಾಗ ಚಾಪೆಲ್, ಅಂದರೆ ಚಿಕ್ಕ ಪ್ರಾರ್ಥನಾ ಮಂದಿರ, ಆಯಿತು. ಅದನ್ನು ಕಾಯುವವನು ‘ಕಪ್ಪೆಲ್ಲಾನುಸ್’, ಫ್ರೆಂಚರ ಬಾಯಲ್ಲಿ ಹಾದು ಬಂದು ಚಾಪ್ಲೆನ್. ಚಾರ್ಲಿ ಚಾಪ್ಲಿನ್‌ನ ಅಡ್ಡಹೆಸರೂ ಇದೇ, ನಮ್ಮಲ್ಲಿ ಪೂಜಾರ, ಮಠಪತಿ ಇದ್ದ ಹಾಗೆ. ವಸ್ತುವಿನ ಹೆಸರು ಜಾಗಕ್ಕೆ ದಾಟುವುದು ನಮಗೂ ಹೊಸದಲ್ಲ. ಕೂರುವ ಗದ್ದುಗೆ ಮಠದ ಸಮಾಧಿಯ ಹೆಸರಾಗಿದೆ ಅಲ್ವಾ?

ನನಗೆ ಹಿಡಿಸಿದ್ದು ಆ ದಂಡಿನ ಮಾತು. ಗುಡಿಯಲ್ಲಿ ಕೂತು ಭಕ್ತರ ದಾರಿ ನೋಡುವವನಲ್ಲ ಚಾಪ್ಲೆನ್. ದಂಡು, ಹಡಗು, ಜೈಲು, ಆಸ್ಪತ್ರೆ, ಹೀಗೆ ಜನ ಇದ್ದಲ್ಲಿಗೆ ತಾನೇ ಹೋಗುವವನು. ಪುರೋಹಿತ ಅಂದರೆ ಮದುವೆ, ಹೋಮ ಕಣ್ಮುಂದೆ ಬರುತ್ತವೆ. ಪಾದ್ರಿ ಪೋರ್ಚುಗೀಸರಿಂದ ಬಂದ ಪದ, ಮೂಲದಲ್ಲಿ ‘ಅಪ್ಪ’. ಒಳ್ಳೆಯ ಪದವೇ, ಆದರೆ ಒಂದೇ ಧರ್ಮಕ್ಕೆ ಅಂಟಿಕೊಂಡಿದೆ.

ಪಕ್ಕದ ಮನೆಯವರು ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ಸುಬೇದಾರರಾಗಿದ್ದವರು. ಅವರನ್ನೂ ಕೇಳಿದೆ. ಸೈನ್ಯದಲ್ಲಿ ಪಂಡಿತ್, ಸಿಖ್ಖರ ಗ್ರಂಥಿ, ಮೌಲ್ವಿ, ಪಾದ್ರಿ ಎಲ್ಲರೂ ಇದ್ದಾರೆ, ಕಾಗದದಲ್ಲಿ ಎಲ್ಲರೂ ರಿಲಿಜಿಯಸ್ ಟೀಚರ್ ಎಂದರು. ‘ಮನೀಂದ ಕೆಟ್ಟ ಸುದ್ದಿ ಬಂದ್ರ ಹುಡುಗ್ರು ಮೊದಲ ಹೋಗತಿದ್ದದ್ದು ಪಂಡಿತರ ಹಂತೇಕ.’ ಅದು ಟೀಚರ್ ಕೆಲಸವೇ? ನನಗಂತೂ ಹಾಗನ್ನಿಸುವುದಿಲ್ಲ.

‘ಧರ್ಮಗುರು’ ಅನ್ನಲೂ ಅಳುಕು. 2021ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಚಾಪ್ಲೆನ್‌ಗಳು ದೇವರನ್ನು ನಂಬದ ಒಬ್ಬರನ್ನೇ ತಮ್ಮ ಅಧ್ಯಕ್ಷರನ್ನಾಗಿ ಆರಿಸಿಕೊಂಡರು. ಹಾಗಾಗಿ ಜಾಗದ ಹೆಸರನ್ನು ಮುಂದಿಟ್ಟು ‘ದಂಡಿನ ಗುರು’, ‘ಆಸ್ಪತ್ರೆಯ ಗುರು’ ಎಂದರೆ ಹೇಗೆ? ನಮ್ಮ ಕಡೆ ಶಾಲೆಯ ಮಾಸ್ತರರೂ ಗುರುಗಳೇ, ಮಠದ ಸ್ವಾಮಿಗಳೂ ಗುರುಗಳೇ. ಅವ್ವನಿಗೆ ಹೇಳಿ ನೋಡಿದೆ. ‘ಗುರುಗಳು ಬಂದು ಕುಂತಿದ್ರು ಅಂದಿದ್ರ ಆಗೇ ತಿಳೀತಿತ್ತು’ ಎಂದಳು. ವಿಜಯಪುರ, ಬಾಗಲಕೋಟೆ ಕಡೆಯವರೇ, ಸಾಯುವವರ ಹತ್ತಿರ ಬಂದು ಕೂರುವವರಿಗೆ ನಿಮ್ಮ ಊರಿನ ಹಿರಿಯರು ಬೇರೆ ಏನಾದರೂ ಹೆಸರು ಹೇಳುತ್ತಿದ್ದರೇ?