ಜಾಕಿ ರಾಬಿನ್ಸನ್ ಮೊದಲು ಆಡಿದ ಮೈದಾನ ಕೆಡವಿದ್ದು ತಪ್ಪೇ?

ಜರ್ಸಿ ಆಶಾ: ಹೋದ ಶನಿವಾರ ಸ್ನೇಹಿತೆಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಮೆರಿಕದ ಜರ್ಸಿ ಸಿಟಿಯ ಪಶ್ಚಿಮ ಅಂಚಿನಲ್ಲಿ 440ನೇ ರಸ್ತೆ ದಾಟಿದರೆ ನ್ಯೂಆರ್ಕ್ ಕೊಲ್ಲಿಯ ದಡಕ್ಕೆ ಸೊಸೈಟಿ ಹಿಲ್ ಅಂತ ಗೇಟು ಹಾಕಿದ ಬಡಾವಣೆ. ಬಾಗಿಲಲ್ಲಿ ಚಪ್ಪಲಿ ರಾಶಿ, ಕೈಯಲ್ಲಿ ಸಜ್ಜಿಗೆ ಪ್ರಸಾದ, ಹೊರಗೆ ಕೊಲ್ಲಿಯ ಕೆಟ್ಟ ಗಾಳಿ. ಆಗ ಅವಳ ಯಜಮಾನರು, "ನಾವು ನಿಂತಿರೋದು ರೂಸ್‌ವೆಲ್ಟ್ ಸ್ಟೇಡಿಯಂ ಇದ್ದ ಜಾಗದಲ್ಲಿ" ಅಂದರು. 1946ರ ಏಪ್ರಿಲ್ 18ಕ್ಕೆ ಕಪ್ಪು ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್ಸನ್ ಬಿಳಿಯರ ಲೀಗಿನಲ್ಲಿ ಮೊದಲ ಸಲ ಬ್ಯಾಟ್ ಹಿಡಿದದ್ದು ಅಲ್ಲೇ. ಅರ್ಧ ಶತಮಾನಕ್ಕೂ ಮೀರಿ ಕಪ್ಪು ಆಟಗಾರರಿಗೆ ಮುಚ್ಚಿದ್ದ ಬಾಗಿಲು ಅದು. ಅಂಥ ಜಾಗವನ್ನು 1985ರಲ್ಲಿ ನೆಲಸಮ ಮಾಡಿಬಿಟ್ಟರು. ನನಗಂತೂ ಪ್ರಸಾದ ಗಂಟಲಲ್ಲಿ ಇಳಿಯಲಿಲ್ಲ.

ಹಳೇಹುಬ್ಬಳ್ಳಿ: ಅಕ್ಕಾರ, ನನಗ ಕ್ರಿಕೆಟ್ ಬಿಟ್ರ ಏನೂ ತಿಳಿಯಂಗಿಲ್ರಿ. ಆದ್ರ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್‌ಗೆ ಆಡಿದ್ದು 1947ರಾಗ ಅಲ್ಲೇನ್ರಿ?

ಜರ್ಸಿ ಆಶಾ: ಅದು ಮೇಜರ್ ಲೀಗ್, ಬೇಸ್‌ಬಾಲ್‌ನ ಅತಿ ದೊಡ್ಡ ಲೀಗ್ ಕಣಪ್ಪ. ಅದಕ್ಕೂ ಒಂದು ವರ್ಷ ಮುಂಚೆ ಡಾಜರ್ಸ್‌ನವರು ಅವರನ್ನು ತಮ್ಮದೇ ಕೈಕೆಳಗಿನ ಮಾಂಟ್ರಿಯಲ್ ರಾಯಲ್ಸ್ ತಂಡಕ್ಕೆ ಹಾಕಿದ್ದರು. ನಮ್ಮ ರಣಜಿ ಅಂದುಕೋ, ಆದರೆ ಇಲ್ಲಿ ಚಿಕ್ಕ ತಂಡದ ಜುಟ್ಟು ದೊಡ್ಡ ತಂಡದ ಕೈಲಿ. ಫ್ಲೋರಿಡಾದ ಅಭ್ಯಾಸ ಪಂದ್ಯಗಳಲ್ಲಿ ಅವರಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಜಾಕ್ಸನ್‌ವಿಲ್‌ನಲ್ಲಿ ಮೈದಾನಕ್ಕೇ ಬೀಗ. ಡಿಲ್ಯಾಂಡ್‌ನಲ್ಲಿ ದೀಪ ಕೆಟ್ಟಿದೆ ಅಂತ ಪಂದ್ಯ ರದ್ದು, ಆಟ ಇದ್ದದ್ದೋ ಹಗಲಲ್ಲಿ! ಅಷ್ಟೆಲ್ಲ ಆದಮೇಲೆ ಜರ್ಸಿ ಸಿಟಿಗೆ ಬಂದು, ಮೊದಲ ಸಲ ಔಟಾಗಿ, ಮೂರನೇ ಇನಿಂಗ್ಸ್‌ನಲ್ಲಿ ಮೂರು ರನ್ನಿನ ಹೋಮ್ ರನ್ (ನಿಮ್ಮ ಸಿಕ್ಸರ್ ಇದ್ದಹಾಗೆ, ಬೇಸಿನಲ್ಲಿದ್ದ ಇಬ್ಬರೂ ಜೊತೆಗೆ ರನ್ ಗಳಿಸುತ್ತಾರೆ) ಬಾರಿಸಿದರು. ಮುಂದೆ ಓಡಿದ್ದ ಇಬ್ಬರು ಪದ್ಧತಿಯಂತೆ ಹೋಮ್ ಪ್ಲೇಟ್ (ಬ್ಯಾಟ್ ಬೀಸುವ ಜಾಗ, ಮೂರು ಬೇಸ್ ಸುತ್ತಿ ಅಲ್ಲಿಗೆ ಮರಳಿದರೇ ರನ್) ಹತ್ತಿರ ಕಾಯಬೇಕಿತ್ತು, ಕಾಯದೆ ಆಟಗಾರರು ಕೂರುವ ಡಗೌಟ್‌ಗೆ ಹೋದರು. ಅಲ್ಲಿದ್ದದ್ದು ಮುಂದಿನ ಬ್ಯಾಟರ್ ಜಾರ್ಜ್ ಶೂಬಾ, ಬಿಳಿಯ. ಅವರು ಕೈ ಚಾಚಿದರು. ಆ ಕೈಕುಲುಕಿದ ಫೋಟೋ ಇವತ್ತಿಗೂ ಪ್ರಸಿದ್ಧ. ರಾಯಲ್ಸ್ 14–1ರಿಂದ ಗೆದ್ದರು. ಊರು ಊರೇ ನೋಡೋಕೆ ಬಂದಿತ್ತು, 51 ಸಾವಿರಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿತ್ತು.

ಲೆಕ್ಕದ ಮೇಷ್ಟ್ರು: ಮೇಡಂ, ಆ 51 ಸಾವಿರಕ್ಕೆ ಮಾತ್ರ ನನ್ನದೊಂದು ತಕರಾರು. ಸ್ಟೇಡಿಯಂನಲ್ಲಿ ಇದ್ದದ್ದು ಸುಮಾರು 25 ಸಾವಿರ ಸೀಟು. ಮಿಕ್ಕವರು ಎಲ್ಲಿ ಕೂತರು, ಒಬ್ಬರ ತೊಡೆ ಮೇಲೆ ಒಬ್ಬರಾ? 1917ರಿಂದ 1947ರವರೆಗೆ ಮೇಯರ್ ಆಗಿದ್ದ ಫ್ರಾಂಕ್ ಹೇಗ್ ಆ ಊರಿನ ಪಾಳೇಗಾರ ಇದ್ದಹಾಗೆ. ನಗರದ ನೌಕರರ ಸಂಬಳದಲ್ಲಿ ನೂರಕ್ಕೆ ಮೂರರಂತೆ ಪಕ್ಷಕ್ಕೆ ಕಾಣಿಕೆ. ಋತುವಿನ ಮೊದಲ ಪಂದ್ಯದ ಟಿಕೆಟನ್ನೂ ಅವರ ತಲೆಗೇ ಕಟ್ಟುತ್ತಿದ್ದರು. ರಾಬಿನ್ಸನ್ ಬರಲಿ ಬಿಡಲಿ, ಆ ಟಿಕೆಟ್ ಮಾರಾಟವಾಗುತ್ತಿತ್ತು. ಅದನ್ನು ಪ್ರೀತಿಯ ಲೆಕ್ಕಕ್ಕೆ ಬರೆಯಬೇಡಿ.

ಜರ್ಸಿ ಆಶಾ: ಒಪ್ಪಿದೆ ಮೇಷ್ಟ್ರೇ. ಆದರೆ ಆ 25 ಸಾವಿರ ಸೀಟು ತುಂಬಿದ್ದಂತೂ ನಿಜ ತಾನೇ? ಅದರಲ್ಲಿ ರಾಬಿನ್ಸನ್ ಅವರನ್ನು ನೋಡೋಕೇ ಬಂದ ಕಪ್ಪು ಜನರೂ ಇದ್ದರು. ಅವರಿಗೆ ಯಾವ ಹೇಗ್ ಟಿಕೆಟ್ ಹೇರಿದ್ದ?

ನಕ್ಷೆಯವನು: ಭಾವನೆ ಎಲ್ಲ ಸರಿ, ಸ್ವಲ್ಪ ಖರ್ಚಿನ ಕಡೆಗೂ ಬನ್ನಿ. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಕೇಂದ್ರದ ಉದ್ಯೋಗ ಯೋಜನೆಯ ದುಡ್ಡಲ್ಲಿ ಕಟ್ಟಿ 1937ರಲ್ಲಿ ತೆರೆದ ಸ್ಟೇಡಿಯಂ ಇದು. ಮನೆ ತಂಡ ಜರ್ಸಿ ಸಿಟಿ ಜೈಂಟ್ಸ್. ನದಿಯಾಚೆ ನ್ಯೂಯಾರ್ಕಿನಲ್ಲಿ ಮೂರು ಮೇಜರ್ ಲೀಗ್ ತಂಡ, ಮೂರರ ಆಟವೂ ಟಿವಿಯಲ್ಲಿ. ಮತ್ತೆ ಚಿಕ್ಕ ತಂಡ ನೋಡೋಕೆ ಕೊಲ್ಲಿ ದಡಕ್ಕೆ ಯಾರು ಹೋಗ್ತಾರೆ? 1950ರ ಋತು ಮುಗಿಸಿ ಜೈಂಟ್ಸ್ ಒಟ್ಟಾವಾಗೆ ಗಂಟುಮೂಟೆ ಕಟ್ಟಿತು. ಆಮೇಲೆ ಬಂದವರೆಲ್ಲ ಛತ್ರಕ್ಕೆ ಬಂದ ನೆಂಟರೇ. 1956–57ರಲ್ಲಿ ಡಾಜರ್ಸ್ 15 ಪಂದ್ಯ ಆಡಿ ಲಾಸ್ ಏಂಜಲಿಸ್‌ಗೆ ಹೊರಟರು. 1960ರಲ್ಲಿ ಕ್ಯಾಸ್ಟ್ರೊ ಕಾಲದ ಗಲಾಟೆಯಿಂದ ಕ್ಯೂಬಾದ ಹವಾನಾ ತಂಡವನ್ನು ಋತುವಿನ ನಡುವೆಯೇ ತಂದಿಳಿಸಿದರು, 1961ಕ್ಕೆ ಅದೂ ಮುಗೀತು. ಕೊನೆಗೆ 1977–78ರಲ್ಲಿ ಎರಡು ವರ್ಷ ಒಂದು ತಂಡ. ಮಧ್ಯೆ ಮಧ್ಯೆ ಗ್ರೇಟ್‌ಫುಲ್ ಡೆಡ್ ರಾಕ್ ತಂಡದವರ ಸಂಗೀತ. ಖಾಲಿ ಕಾಂಕ್ರೀಟನ್ನು ಬಡ ನಗರಸಭೆ ಎಷ್ಟು ವರ್ಷ ಸಾಕಬೇಕು? ಮನೆ ಕಟ್ಟಿದರೆ ತೆರಿಗೆಯಾದರೂ ಬರುತ್ತೆ.

ಹಳೇಹುಬ್ಬಳ್ಳಿ: ಆ ಕೊನೀ ತಂಡದಾಗ ರಿಕಿ ಹೆಂಡರ್ಸನ್ ಆಡ್ಯಾರಂತಲ್ರಿ, 1978ರಾಗ? ಮುಂದ ಬೇಸ್ ಕದಿಯೂದ್ರಾಗ, ಅಂದ್ರ ಚೆಂಡು ಹೊಡಿಯೂಕಿಂತ ಮುಂಚೇನ ಮುಂದಿನ ಬೇಸಿಗೆ ಓಡೂದ್ರಾಗ, ದಾಖಲೆ ಮಾಡಿದವ್ರು. ಈಗಷ್ಟ ಹುಡುಕಿ ನೋಡಿದೆ. ನೀವು ಅವ್ರನ್ನೂ ನೆಂಟರ ಲೆಕ್ಕಕ್ಕ ಹಾಕಿಬಿಟ್ರಿ 😄

ನಕ್ಷೆಯವನು: ನೆಂಟರೇ ಗುರುಗಳೇ, ಮರು ವರ್ಷ ಓಕ್‌ಲ್ಯಾಂಡ್‌ಗೆ ಹೋಗಿಬಿಟ್ಟರು.

ಜರ್ಸಿ ಆಶಾ: ಪೂರ್ತಿ ಸಾಕಿ ಅಂತ ನಾನೂ ಹೇಳುತ್ತಿಲ್ಲ. ಇಂಡಿಯಾನಾಪೊಲಿಸ್‌ನ ಬುಷ್ ಸ್ಟೇಡಿಯಂ ನೋಡಿ, 1931ರದ್ದು. ಹೊರಗೋಡೆ ಉಳಿಸಿಕೊಂಡು ಒಳಗೆ ಅಪಾರ್ಟ್‌ಮೆಂಟ್ ಮಾಡಿದರು. ಅಲ್ಲೂ ಮನೆಯೇ, ಅಲ್ಲೂ ತೆರಿಗೆಯೇ. ಅಟ್ಲಾಂಟಾದ ಪಾನ್ಸ್ ಡಿ ಲಿಯೋನ್ ಪಾರ್ಕ್ ಅನ್ನೋ ಬೇಸ್‌ಬಾಲ್ ಮೈದಾನ ಪೂರ್ತಿ ಹೋಯಿತು, ಆದರೂ ಔಟ್‌ಫೀಲ್ಡಿನಲ್ಲಿದ್ದ ಮ್ಯಾಗ್ನೋಲಿಯಾ ಮರ ಇನ್ನೂ ಇದೆ. ಇಲ್ಲಿ ಒಂದು ಗೋಡೆ ಬಿಡಬಾರದಿತ್ತೇ? ಈಗ ಆ ಜಾಗ ನೋಡಬೇಕೆಂದರೆ ಒಳಗೆ ಯಾರಾದರೂ ಪೂಜೆಗೆ ಕರೆಯಬೇಕು.

ನಕ್ಷೆಯವನು: ಬುಷ್‌ನಲ್ಲಿ ಜನ ವಾಸಕ್ಕೆ ಬಂದದ್ದು 2013ರ ಹೊತ್ತಿಗೆ. 1985ರಲ್ಲಿ ಹಾಗೆ ಯೋಚಿಸುವವರು ಕಡಿಮೆ. ಅದೂ ಅಲ್ಲದೆ ಜರ್ಸಿ ಸಿಟಿಯದೇ ಜರ್ನಲ್ ಸ್ಕ್ವೇರ್‌ನಲ್ಲಿ ರಾಬಿನ್ಸನ್ ಪ್ರತಿಮೆ ನಿಲ್ಲಿಸಿದ್ದಾರಲ್ಲ.

ಲೆಕ್ಕದ ಮೇಷ್ಟ್ರು: ನಾನು ಈ ವಿಷಯದಲ್ಲಿ ಮೇಡಂ ಕಡೆ. ಪ್ರತಿಮೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಶೂಬಾ ಕೈಕುಲುಕಿದ್ದರ ಪ್ರತಿಮೆ ಅವರ ಹುಟ್ಟೂರು ಯಂಗ್ಸ್‌ಟೌನ್‌ನಲ್ಲಿದೆ, 2021ರಲ್ಲಿ ನಿಲ್ಲಿಸಿದ್ದು. ಕೈಕುಲುಕಿದ ಊರು ಯಾವುದು, ಪ್ರತಿಮೆ ಎಲ್ಲಿ!

ಹಳೇಹುಬ್ಬಳ್ಳಿ: ಒಂದು ಸಂಶಯ ಮೇಷ್ಟ್ರ. ಆ ಪಂದ್ಯದಾಗ ರಾಬಿನ್ಸನ್ ನಾಕು ರನ್ ಮಾಡ್ಯಾರ, ಅದರಾಗ ಎರಡು "ಬಾಕ್"ನಿಂದ ಬಂದಾವು ಅಂತ ಐತಿ. ಹಂಗಂದ್ರೇನ್ರಿ?

ಲೆಕ್ಕದ ಮೇಷ್ಟ್ರು: ಚೆಂಡು ಎಸೆಯಲು ಶುರುಮಾಡಿದ ಪಿಚರ್ ನಡುವೆ ತಡವರಿಸಿದರೆ ತಪ್ಪು, ಬೇಸಿನಲ್ಲಿರುವ ಓಟಗಾರರಿಗೆಲ್ಲ ಒಂದೊಂದು ಬೇಸ್ ಪುಕ್ಕಟೆ. ರಾಬಿನ್ಸನ್ ಮೂರನೇ ಬೇಸಿನಿಂದ ಓಡಿಬಿಡುತ್ತೇನೆ ಅಂತ ಹೆಜ್ಜೆ ಹಾಕುವುದು, ನಿಲ್ಲುವುದು, ಮತ್ತೆ ಹಾಕುವುದು. ಪಿಚರ್ ತಬ್ಬಿಬ್ಬು. ಒಂದೇ ಪಂದ್ಯದಲ್ಲಿ ಎರಡು ಸಲ, ಎರಡು ಸಲವೂ ನಡೆದುಕೊಂಡೇ ಹೋಮ್ ಪ್ಲೇಟ್‌ಗೆ ಬಂದರು.