ಸೆಪ್ಟೆಂಬರ್‌ನಲ್ಲಿ 14 ರಾತ್ರಿ: ಕ್ರೂಗರ್, ಎಟೋಶಾ, ಮೊರೆಮಿ, ಚೋಬೆ ನಾಲ್ಕೂ ಸೇರಿಸಬಹುದೇ?

ಹುಲ್ಲುಬಯಲು:
ಸೆಪ್ಟೆಂಬರ್‌ಗೆ ಆಫ್ರಿಕಾದ ದಕ್ಷಿಣ ಭಾಗದ ಕಾಡುಗಳಿಗೆ 14 ರಾತ್ರಿಗಳ ಪ್ರವಾಸ ಹಾಕುತ್ತಿದ್ದೇವೆ. ಇಬ್ಬರು ದೊಡ್ಡವರು, ಒಂಬತ್ತು ವರ್ಷದ ಮಗಳು. ಮೇಲೆ ಟೆಂಟ್ ಇರುವ ಫೋರ್ ಬೈ ಫೋರ್ ಬಾಡಿಗೆಗೆ ಪಡೆದು ನಾವೇ ಓಡಿಸುವ ಯೋಚನೆ. ಪಟ್ಟಿಯಲ್ಲಿರುವುದು ದಕ್ಷಿಣ ಆಫ್ರಿಕಾದ ಕ್ರೂಗರ್, ನಮೀಬಿಯಾದ ಎಟೋಶಾ, ಬೋಟ್ಸ್ವಾನಾದ ಮೊರೆಮಿ, ಚೋಬೆ, ಕೊನೆಗೆ ವಿಕ್ಟೋರಿಯಾ ಜಲಪಾತ. ಸಾಧ್ಯವಾದರೆ ಜಿಂಬಾಬ್ವೆಯ ಮಾನಾ ಪೂಲ್ಸ್ ಕೂಡ. ಮರಳಿನಲ್ಲಿ ಗಾಡಿ ಓಡಿಸಿ ಅಭ್ಯಾಸವಿಲ್ಲ. ಯಾವುದನ್ನು ಬಿಡಬೇಕು, ಗಾಡಿಯಲ್ಲಿ ಏನಿರಬೇಕು, ಮಗುವಿಗೆ ಮಲೇರಿಯಾ ಅಪಾಯ ಎಷ್ಟು?

ಒಣನದಿ:
ನಾಲ್ಕೂ ಆಗುವುದಿಲ್ಲ. ಭೂಪಟದಲ್ಲಿ ಅಕ್ಕಪಕ್ಕ ಕಾಣುವುದೇ ಮೋಸ. ಎಟೋಶಾದ ಪೂರ್ವದ ತುದಿಯಿಂದ ಮೊರೆಮಿಗೆ ಹೊರಡುವ ಊರಾದ ಮಾವುನ್‌ಗೆ ರುಂಡು, ಡಿವುಂಡು ಮಾರ್ಗವಾಗಿ ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ. ಕ್ರೂಗರ್‌ನಿಂದ ಮಾವುನ್ ಅದಕ್ಕಿಂತ ದೂರ. ಈ ದೇಶಗಳಲ್ಲಿ ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಓಡಿಸುವಂತಿಲ್ಲ ಎಂದೇ ಇಟ್ಟುಕೊಳ್ಳಿ, ದನ, ಕತ್ತೆ, ಆನೆ ಎಲ್ಲ ಡಾಂಬರಿನ ಮೇಲೇ ನಿಂತಿರುತ್ತವೆ. ಹಾಗಾಗಿ ಒಂದೊಂದು ಜಿಗಿತಕ್ಕೂ ಎರಡು ಹಗಲು ಹೋಯಿತು.

ತಿಂಗಳು ಸೆಪ್ಟೆಂಬರ್ ಅಂದ ಮೇಲೆ ನನ್ನ ಮತ ಬೋಟ್ಸ್ವಾನಾದ ಉತ್ತರಕ್ಕೆ. ಕಾರಣ ನೀರು. ಅಂಗೋಲಾದ ಎತ್ತರದ ಪ್ರದೇಶದಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಬಿದ್ದ ಮಳೆ ಸಮತಟ್ಟಾದ ನೆಲದಲ್ಲಿ ನಿಧಾನಕ್ಕೆ ಹರಿದು, ಒಕವಾಂಗೊ ಮುಖಜಭೂಮಿಯನ್ನು ತುಂಬುವುದು ಜೂನ್‌ನಿಂದ ಆಗಸ್ಟ್ ಹೊತ್ತಿಗೆ. ಅಂದರೆ ಸುತ್ತಲಿನ ಮೋಪಾನೆ ಮರಗಳ ಕಾಡು ಪೂರ್ತಿ ಒಣಗಿದಾಗಲೇ ಇಲ್ಲಿ ನೀರು. ಸೆಪ್ಟೆಂಬರ್‌ನಲ್ಲಿ ಅದು ಇಳಿಯತೊಡಗುತ್ತದೆ, ಒಳಗಿನ ಹೊಂಡಗಳು ಬತ್ತಿರುತ್ತವೆ, ಪ್ರಾಣಿಗಳು ಖ್ವಾಯ್ ಮತ್ತು ಚೋಬೆ ನದಿಗಳ ದಂಡೆಗೆ ಸೇರುತ್ತವೆ. 2022ರ ವೈಮಾನಿಕ ಗಣತಿಯಲ್ಲಿ ಐದು ದೇಶಗಳ ಕಾಜಾ ಸಂರಕ್ಷಿತ ವಲಯದಲ್ಲಿ ಸಿಕ್ಕ ಸುಮಾರು 2,28,000 ಆನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೋಟ್ಸ್ವಾನಾದಲ್ಲೇ ಇದ್ದವು. ಒಣಗಾಲದ ಮಧ್ಯಾಹ್ನ ಚೋಬೆ ದಂಡೆಯಲ್ಲಿ ಅದು ಕಣ್ಣಿಗೇ ಕಾಣುತ್ತದೆ.

ರಾತ್ರಿಗಳ ಹಂಚಿಕೆ ಹೀಗಿರಲಿ: ಮಾವುನ್ 1, ಮೊರೆಮಿಯ ಥರ್ಡ್ ಬ್ರಿಡ್ಜ್ 3, ಖ್ವಾಯ್ 3, ಸವೂಟಿ 2, ಚೋಬೆ ದಂಡೆಯ ಇಹಾಹಾ 2, ಗಡಿಯ ಊರು ಕಸಾನೆ 1, ಜಲಪಾತ 2. ಖ್ವಾಯ್‌ಗೆ ಮೂರು ರಾತ್ರಿ ಯಾಕೆಂದರೆ, ಅಲ್ಲಿ ಉದ್ಯಾನದ ಹೊರಗೆ ಊರವರೇ ನಡೆಸುವ ಸಮುದಾಯ ಪ್ರದೇಶದಲ್ಲಿ ಮಾರ್ಗದರ್ಶಿ ಜೊತೆ ರಾತ್ರಿ ಸಫಾರಿ ಹೋಗಬಹುದು. ಉದ್ಯಾನದೊಳಗೆ ಅದಕ್ಕೆ ಅವಕಾಶವಿಲ್ಲ, ಜಾಡು ಬಿಟ್ಟು ಓಡಿಸುವುದಕ್ಕೂ ಇಲ್ಲ. ಕಾಡುನಾಯಿಗಳಿಗೂ ಖ್ವಾಯ್ ಒಳ್ಳೆಯ ಜಾಗ.

ಬುಕಿಂಗ್ ಕ್ರಮ ತಲೆಕೆಳಗು ಮಾಡಬೇಡಿ. ಈ ಕ್ಯಾಂಪ್‌ಗಳನ್ನೆಲ್ಲ ಬೇರೆ ಬೇರೆ ಖಾಸಗಿಯವರು ನಡೆಸುತ್ತಾರೆ, ಒಂದೇ ಕಡೆ ಸಿಗುವುದಿಲ್ಲ. ಉದ್ಯಾನದ ಪ್ರವೇಶ ಶುಲ್ಕ ಮತ್ತೆ ಬೇರೆ. ಮೊದಲು ಥರ್ಡ್ ಬ್ರಿಡ್ಜ್ ಮತ್ತು ಸವೂಟಿ ಖಚಿತವಾಗಲಿ, ಆಮೇಲೆ ಗಾಡಿ, ಕೊನೆಗೆ ವಿಮಾನ. ಮೊದಲೇ ವಿಮಾನದ ಟಿಕೆಟ್ ತೆಗೆದವರಿಗೆ ನಡುವಿನ ಒಂದು ಕ್ಯಾಂಪ್ ಸಿಗದೆ ಇಡೀ ಸರಪಳಿಯೇ ತುಂಡಾಗುತ್ತದೆ.

ಮಾನಾ ಪೂಲ್ಸ್ ಈ ಸಲ ಬೇಡ. ಜಾಂಬೆಜಿ ದಂಡೆಯ ಆ ಕಾಡಿನ ಸೊಗಸೇ ಗಾಡಿಯಿಂದ ಇಳಿದು ನಡೆಯುವುದರಲ್ಲಿದೆ, ಒಂಬತ್ತು ವರ್ಷದ ಮಗುವಿನೊಂದಿಗೆ ಅದು ಆಗದ ಮಾತು.

ಮರಳುಗೇರು:
ದಾರಿ ಒಪ್ಪಿದೆ. ಗಾಡಿಯ ವಿಷಯ ಹೇಳುತ್ತೇನೆ, ಹೊಸಬರು ಕೈಚೆಲ್ಲುವುದು ಅಲ್ಲೇ.

ಮಾವುನ್‌ನಿಂದ ಕಸಾನೆವರೆಗೆ ನಂಬಿ ಹೊರಡುವಂಥ ಪೆಟ್ರೋಲ್ ಬಂಕ್ ಇಲ್ಲ. ಸುತ್ತಾಟವೂ ಸೇರಿ 600 ಕಿಲೋಮೀಟರ್ ಲೆಕ್ಕ ಹಾಕಿ. ಮರಳಿನಲ್ಲಿ ಭಾರದ ಡೀಸೆಲ್ ಗಾಡಿ 100 ಕಿಲೋಮೀಟರಿಗೆ 18ರಿಂದ 20 ಲೀಟರ್ ಕುಡಿಯುತ್ತದೆ. 120 ಲೀಟರ್ ಬೇಕು, ಮೇಲೆ 25 ಲೀಟರ್ ಮೀಸಲು. 80 ಲೀಟರ್ ಟ್ಯಾಂಕಿನ ಗಾಡಿಯಾದರೆ 20 ಲೀಟರಿನ ಮೂರು ಜೆರ್ರಿಕ್ಯಾನ್ ಒಯ್ದರೂ ಬಿಗಿ. ಎರಡು ಟ್ಯಾಂಕಿನ ಲ್ಯಾಂಡ್ ಕ್ರೂಸರ್‌ಗೆ ಬಾಡಿಗೆ ಹೆಚ್ಚು, ಆದರೆ ಈ ದಾರಿಗೆ ಅದೇ ಸರಿ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರ್ ನೀರು.

ಟೈರಿನ ಗಾಳಿ: ಡಾಂಬರಿನಲ್ಲಿ 2.2ರಿಂದ 2.4 ಬಾರ್, ಜಲ್ಲಿ ದಾರಿಯಲ್ಲಿ 1.8ರಿಂದ 2, ಮರಳು ಶುರುವಾಗುವ *ಮೊದಲೇ* 1.4ರಿಂದ 1.6. ಹೂತ ಮೇಲೆ ಇಳಿಸುವುದು ಅರ್ಧ ಕೆಲಸ. ಹೂತರೆ 1.0ಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಹೋದರೆ ತಿರುಗಿಸುವಾಗ ಟೈರ್ ರಿಮ್‌ನಿಂದ ಕಳಚುತ್ತದೆ. ಡಾಂಬರಿಗೆ ಹತ್ತುವ ಮುಂಚೆ ಮತ್ತೆ ತುಂಬಿಸಿ, ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದರೆ ಟೈರಿನ ಪಕ್ಕೆ ಕಾದು ಒಡೆಯುತ್ತದೆ. ಹಾಗಾಗಿ ಕಂಪ್ರೆಸರ್, ಗಾಳಿ ಮೀಟರ್, ಎರಡು ಸ್ಟೆಪ್ನಿ, ಸಲಿಕೆ. ಗಾಡಿ ಪಡೆಯುವಾಗ ಕಂಪ್ರೆಸರ್ ಅನ್ನು ಅಲ್ಲೇ ಓಡಿಸಿ ನೋಡಿ. ಜ್ಯಾಕ್ ಕೆಳಗೆ ಇಡಲು ಅಗಲ ಹಲಗೆಯೊಂದು ಇರಲೇಬೇಕು, ಇಲ್ಲದಿದ್ದರೆ ಗಾಡಿ ಏಳುವ ಬದಲು ಜ್ಯಾಕೇ ಮರಳಿಗಿಳಿಯುತ್ತದೆ.

ಆಳದ ಮರಳಿನಲ್ಲಿ ಲೋ ರೇಂಜ್ (ವೇಗ ಕಡಿಮೆ, ಎಳೆತ ಹೆಚ್ಚು ಇರುವ ಫೋರ್ ಬೈ ಫೋರ್ ಗೇರ್ ಜೋಡಣೆ), ಎರಡು ಅಥವಾ ಮೂರನೇ ಗೇರ್, ಒಂದೇ ಹದದ ವೇಗ. ನಿಲ್ಲಿಸಬೇಕಾದರೆ ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಿ, ಬ್ರೇಕ್ ಹಾಕಿದರೆ ಚಕ್ರದ ಮುಂದೆ ಮರಳಿನ ದಿಬ್ಬ ಕಟ್ಟುತ್ತದೆ. ಚಕ್ರ ತಿರುಗುತ್ತಾ ಗಾಡಿ ಮುಂದೆ ಹೋಗದಿದ್ದರೆ ಆ ಕ್ಷಣವೇ ಕಾಲು ತೆಗೆಯಿರಿ. ಇನ್ನೂ ರೇಸ್ ಕೊಟ್ಟರೆ ಆಕ್ಸಲ್ ನೆಲಕ್ಕೆ ಕೂರುತ್ತದೆ. ಸುತ್ತ ನೋಡಿ ಇಳಿದು, ನಾಲ್ಕೂ ಚಕ್ರದ ಹಿಂದಿನ ಮರಳು ತೆಗೆದು, ಬಂದ ಜಾಡಿನಲ್ಲೇ ಹಿಂದಕ್ಕೆ ಬನ್ನಿ. ಕಷ್ಟದ ತುಂಡುಗಳನ್ನು ಬೆಳಗಿನ ತಂಪಿನಲ್ಲಿ ದಾಟಿ, ಮಧ್ಯಾಹ್ನದ ಬಿಸಿ ಮರಳು ಸಡಿಲ.

ಖ್ವಾಯ್‌ನಿಂದ ಸವೂಟಿಗೆ ಎರಡು ದಾರಿ. ಮರಳುದಿಣ್ಣೆಯ ದಾರಿ ಮೆತ್ತಗೆ, ಜವುಗಿನ ದಾರಿ ಕಪ್ಪು ಜೇಡಿಮಣ್ಣು. ಎರಡನೆಯದು ಸೆಪ್ಟೆಂಬರ್‌ನಲ್ಲಿ ಗಟ್ಟಿ, ಕುಲುಕಾಟ ಜಾಸ್ತಿ, ಆದರೆ ಪ್ರಾಣಿಗಳು ಹೆಚ್ಚು. ಮಳೆ ಬಿದ್ದಿದ್ದರೆ ಮಾತ್ರ ಅತ್ತ ತಲೆ ಹಾಕಬೇಡಿ. ದೂರ ನೂರು ಕಿಲೋಮೀಟರಿನ ಆಸುಪಾಸು, ಸಮಯ ಐದು ಗಂಟೆ ಇಟ್ಟುಕೊಳ್ಳಿ.

ನೀರು ದಾಟುವ ಕಡೆ ಇಳಿದು ನಡೆದು ಆಳ ನೋಡುವ ಚಪಲ ಬೇಡ, ಮೊಸಳೆಗಳಿವೆ. ದ್ವಾರದಲ್ಲಿ ಆ ದಿನದ ಸ್ಥಿತಿ ಕೇಳಿ, ಮುಂದಿನ ಗಾಡಿ ದಾಟುವುದನ್ನು ನೋಡಿ. ಇನ್ನೊಂದನ್ನು ಬಾಡಿಗೆಯವರು ಎಷ್ಟೋ ಸಲ ಹೇಳುವುದಿಲ್ಲ: ಜಾಡಿನ ನಡುವೆ ಬೆಳೆದ ಒಣಹುಲ್ಲು ಸೈಲೆನ್ಸರ್ ಮತ್ತು ತಳದ ರಕ್ಷಣಾ ತಗಡಿನ ನಡುವೆ ಸಿಕ್ಕಿ ಹೊತ್ತಿಕೊಳ್ಳುತ್ತದೆ. ಎತ್ತರದ ಹುಲ್ಲಿನಲ್ಲಿ ಓಡಿಸಿದ ದಿನ ಆಗಾಗ ನಿಲ್ಲಿಸಿ ಅಡಿಗೆ ಬಗ್ಗಿ ನೋಡಿ, ತಂತಿಯಿಂದ ಎಳೆದು ತೆಗೆಯಿರಿ.

ಸೊಳ್ಳೆಪರದೆ:
ಮಲೇರಿಯಾ. ಈ ಇಡೀ ದಾರಿ ಮಲೇರಿಯಾ ವಲಯ, ಅದೂ ಫಾಲ್ಸಿಪ್ಯಾರಮ್, ಅಂದರೆ ಜೋರಾಗುವ ಬಗೆ. ಸೆಪ್ಟೆಂಬರ್ ಒಣಗಾಲ, ಅಪಾಯ ಮಳೆಗಾಲಕ್ಕಿಂತ ಕಡಿಮೆ, ಸೊನ್ನೆ ಅಲ್ಲ. ತಡೆಗೆ ನುಂಗುವ ಮಾತ್ರೆ ಅಟೊವಾಕೋನ್-ಪ್ರೊಗ್ವಾನಿಲ್ ಆದರೆ ವಲಯಕ್ಕೆ ಹೋಗುವ ಒಂದೆರಡು ದಿನ ಮೊದಲು ಶುರು, ಹೊರಬಂದ ಮೇಲೆ 7 ದಿನ. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೂ 4 ವಾರ. ಮಕ್ಕಳ ಪ್ರಮಾಣ ತೂಕದ ಮೇಲೆ, ಅದನ್ನು ವೈದ್ಯರೇ ಬರೆಯಬೇಕು. ಊರಿಗೆ ಮರಳಿದ ಎಷ್ಟೋ ವಾರಗಳ ಮೇಲೆ ಜ್ವರ ಬಂದರೂ ಅದೇ ದಿನ ರಕ್ತಪರೀಕ್ಷೆ ಮಾಡಿಸಿ, ಎಲ್ಲಿಗೆ ಹೋಗಿದ್ದಿರಿ ಎಂದು ಹೇಳಿ.

ಮೊರೆಮಿ, ಸವೂಟಿ, ಇಹಾಹಾ ಕ್ಯಾಂಪ್‌ಗಳಿಗೆ ಬೇಲಿ ಇಲ್ಲ. ಕತ್ತೆಕಿರುಬ ದಿನಾ ಬರುತ್ತದೆ ಎಂದೇ ತಿಳಿಯಿರಿ. ಚಪ್ಪಲಿ, ಕೂಲರ್, ಕಸದ ಚೀಲ ಯಾವುದೂ ಹೊರಗಿರಬಾರದು. ಕಿತ್ತಳೆ, ನಿಂಬೆ ಜಾತಿಯ ಹಣ್ಣು ಒಯ್ಯಲೇಬೇಡಿ, ಅದರ ವಾಸನೆಗೆ ಆನೆ ಗಾಡಿಯನ್ನೇ ಬಿಚ್ಚುತ್ತದೆ. ಮಗಳು ಶೌಚಾಲಯಕ್ಕೆ ಒಬ್ಬಳೇ ಹೋಗುವಂತಿಲ್ಲ, ಹಗಲಿನಲ್ಲೂ. ರಾತ್ರಿ ಟೆಂಟಿನಿಂದ ಇಳಿಯುವ ಪ್ರಶ್ನೆಯೇ ಬರದಂತೆ ಮುಚ್ಚಳದ ಚಿಕ್ಕ ಬಕೆಟ್ ಮೇಲೇ ಇರಲಿ.

ಹಸಿ ಮಾಂಸ ಒಯ್ಯುವವರಾದರೆ, ಜಾನುವಾರು ರೋಗ ತಡೆಯ ಬೇಲಿಗಳಲ್ಲಿ ತಪಾಸಣೆ ಇದೆ. ಕಾಡೆಮ್ಮೆ ಇರುವ ಕಡೆಯಿಂದ ದನ ಸಾಕುವ ಕಡೆಗೆ ಬರುವಾಗ ಕಿತ್ತುಕೊಳ್ಳುತ್ತಾರೆ.

ಡಾಂಬರುಪ್ರಿಯ:
ಎಲ್ಲರೂ ಬೋಟ್ಸ್ವಾನಾ ಎನ್ನುತ್ತಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಮರಳಿನ ಅಭ್ಯಾಸವಿಲ್ಲ, ಒಂದೇ ಗಾಡಿ, ಜೊತೆಗೆ ಮಗು. ಇದಕ್ಕೆ ಕ್ರೂಗರ್ ಏನು ಕಡಿಮೆ? ಮುಖ್ಯ ದಾರಿಗಳೆಲ್ಲ ಡಾಂಬರು, ಸಾದಾ ಕಾರು ಸಾಕು, ದೊಡ್ಡ ಕ್ಯಾಂಪ್‌ಗಳಲ್ಲಿ ಬೇಲಿ, ಅಂಗಡಿ, ಬಂಕ್ ಎಲ್ಲ ಇದೆ. ಲೋವರ್ ಸಾಬಿ 4, ಸಟಾರಾ 4, ಲೆಟಾಬಾ 3, ಉಳಿದ 3 ರಾತ್ರಿ ಪಕ್ಕದ ಸಾಬಿ ಸ್ಯಾಂಡ್ ಖಾಸಗಿ ಕಾಡಿನಲ್ಲಿ ಚಿರತೆಗೆ. ಅಲ್ಲಿನ ಲಾಡ್ಜ್‌ಗಳಲ್ಲಿ ಮಕ್ಕಳ ವಯಸ್ಸಿನ ಮಿತಿ ಕೇಳಿಯೇ ಹಣ ಕಟ್ಟಿ. ಕ್ರೂಗರ್‌ನಲ್ಲಿ ವೇಗಮಿತಿ ಡಾಂಬರಿನಲ್ಲಿ 50, ಮಣ್ಣಿನಲ್ಲಿ 40, ಆದರೆ ಪ್ರಾಣಿ ನೋಡುತ್ತಾ ಹೋದರೆ ಗಂಟೆಗೆ 25ರ ಲೆಕ್ಕ ಹಾಕಿ. ಸ್ಕುಕುಜಾ ಕ್ಯಾಂಪಿನಿಂದ ಸಟಾರಾ 90 ಚಿಲ್ಲರೆ ಕಿಲೋಮೀಟರ್, ಅಂದರೆ ಒಂದು ಪೂರ್ತಿ ಬೆಳಿಗ್ಗೆ. ಕ್ಯಾಂಪಿನ ಬಾಗಿಲು ಮುಚ್ಚುವ ಹೊತ್ತು ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ, ತಡವಾದರೆ ದಂಡ.

ಮಲೇರಿಯಾ ಬೇಡವೇ ಬೇಡ ಎಂದರೆ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ ಗಡಿಯ ಕ್ಗಲಗಾಡಿ ಉದ್ಯಾನ. ಒಣ ನದೀಪಾತ್ರಗಳು, ಕಪ್ಪು ಕೇಸರದ ಸಿಂಹ, ಚೀತಾ. ಆನೆ ಮಾತ್ರ ಇಲ್ಲ.

ಹುಲ್ಲುಬಯಲು:
ಬೋಟ್ಸ್ವಾನಾ ದಾರಿಯೇ ಮನಸ್ಸಿಗೆ ಹಿಡಿಸಿತು, ಆದರೆ ಒಂದೇ ಗಾಡಿ ಎಂಬ ಮಾತು ಕೊರೆಯುತ್ತಿದೆ. ಜಲಪಾತಕ್ಕೆ ಅದೇ ಗಾಡಿ ಒಯ್ಯಬಹುದೇ? ಸೆಪ್ಟೆಂಬರ್‌ನಲ್ಲಿ ನೀರಿರುತ್ತದೆಯೇ?

ಒಣನದಿ:
ಡಾಂಬರುಪ್ರಿಯರ ಎಚ್ಚರಿಕೆ ನ್ಯಾಯವಾದದ್ದೇ. ಸ್ಯಾಟಲೈಟ್ ಫೋನ್ ಬಾಡಿಗೆಗೆ ಪಡೆಯಿರಿ, ಮಾವುನ್‌ನ ಮೊದಲ ದಿನ ಅರ್ಧ ಹೊತ್ತು ಮರಳಿನಲ್ಲಿ ಓಡಿಸಿ ಗಾಳಿ ಇಳಿಸುವುದು, ತುಂಬಿಸುವುದು ಕೈಗೆ ಹತ್ತಲಿ. ಗಾಡಿ ಹೂತು ಯಾರೂ ಸಿಗದಿದ್ದರೆ ಗಾಡಿ ಬಿಟ್ಟು ನಡೆಯಬೇಡಿ, ಅಲ್ಲೇ ಇರಿ. ಸೆಪ್ಟೆಂಬರ್‌ನಲ್ಲಿ ಈ ಜಾಡಿನಲ್ಲಿ ಗಾಡಿಗಳ ಓಡಾಟ ಇದ್ದೇ ಇರುತ್ತದೆ.

ಜಲಪಾತ ತುಂಬಿ ಹರಿಯುವುದು ಏಪ್ರಿಲ್, ಮೇ. ಸೆಪ್ಟೆಂಬರ್ ಹೊತ್ತಿಗೆ ಜಾಂಬಿಯಾ ಬದಿಯ ಬಂಡೆ ಬಹುಪಾಲು ಬೋಳಾಗುತ್ತಾ ಬರುತ್ತದೆ, ಮುಖ್ಯ ಧಾರೆ ಜಿಂಬಾಬ್ವೆ ಬದಿಯಲ್ಲಿ ಉಳಿದಿರುತ್ತದೆ. ಹಾಗಾಗಿ ಜಿಂಬಾಬ್ವೆ ಬದಿಗೇ ಹೋಗಿ.

ಗಾಡಿ ಒಯ್ಯಬೇಡಿ. ಗಡಿಯಲ್ಲಿ ತಾತ್ಕಾಲಿಕ ಆಮದು ಪರವಾನಗಿ, ಇಂಗಾಲ ತೆರಿಗೆ, ವಿಮೆ, ಬಾಡಿಗೆಯವರ ಅನುಮತಿ ಪತ್ರ ಎಂದು ಎರಡು ರಾತ್ರಿಗೆ ಅಷ್ಟೊಂದು ಕಾಗದ. ಕಸಾನೆಯಲ್ಲೇ ಗಾಡಿ ಒಪ್ಪಿಸಿ, ಅಲ್ಲಿಂದ 80 ಕಿಲೋಮೀಟರಿಗೆ ವ್ಯಾನ್ ಮಾಡಿಕೊಳ್ಳಿ. ಮಾವುನ್‌ನಲ್ಲಿ ಪಡೆದು ಕಸಾನೆಯಲ್ಲಿ ಬಿಡುವುದಕ್ಕೆ ಪ್ರತ್ಯೇಕ ಶುಲ್ಕ ಕೇಳುತ್ತಾರೆ, ಅದನ್ನು ಮೊದಲ ಅಂದಾಜಿನಲ್ಲೇ ಬರೆಸಿಕೊಳ್ಳಿ. ಮಗಳ ಜನನ ಪ್ರಮಾಣಪತ್ರ ಪಾಸ್‌ಪೋರ್ಟ್ ಜೊತೆಗಿರಲಿ, ಬೋಟ್ಸ್ವಾನಾ ಗಡಿಯಲ್ಲಿ ಕೇಳುತ್ತಾರೆ.