ವ್ಯೂಫೈಂಡರ್ 1.0 ಇದ್ದರೂ 90 ಎಂಎಂನಲ್ಲಿ ಫೋಕಸ್ ತಪ್ಪುತ್ತಿದೆ, ಯಾಕೆ?

ಸಾಗರದ_ಹುಡುಗ:
ಎಲ್ಲರಿಗೂ ನಮಸ್ಕಾರ. ಬೆಸ್ಸಾ ಆರ್3ಎ ಫಿಲ್ಮ್ ಕ್ಯಾಮೆರಾ ಕೊಂಡು ಎಂಟು ತಿಂಗಳಾಯಿತು. 40 ಎಂಎಂ ಲೆನ್ಸ್‌ನಲ್ಲಿ ಏನೂ ತೊಂದರೆ ಇರಲಿಲ್ಲ. ಹೋದ ತಿಂಗಳು ಹಳೆಯದೊಂದು 90 ಎಂಎಂ ಎಫ್2 ಸಿಕ್ಕಿತು. ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ಒಂದೂವರೆ ಮೀಟರ್ ದೂರದಿಂದ ಎಫ್2ರಲ್ಲೇ (ಲೆನ್ಸ್ ಪೂರ್ತಿ ತೆರೆದು) ಇಡೀ ರೋಲ್ ತೆಗೆದೆ. ಪ್ರತಿ ಸಲವೂ ಫೋಕಸ್ ಮಾಡಿದ್ದು ಕಣ್ಣಿಗೆ. ಸ್ಕ್ಯಾನ್ ನೋಡಿದರೆ ಕೆಲವದರಲ್ಲಿ ಮೂಗುಬೊಟ್ಟು ಫಳಫಳ, ಕಣ್ಣು ಮಂಜು. ಇನ್ನು ಕೆಲವದರಲ್ಲಿ ಕಿವಿಯ ಓಲೆ ಶಾರ್ಪ್!

ಗೆಳೆಯನ ಲೈಕಾ ಎಂ2ಗೆ ಇದೇ ಲೆನ್ಸ್ ಹಾಕಿದರೆ ತಪ್ಪು ಕಡಿಮೆ. ಅದರ ವ್ಯೂಫೈಂಡರ್ ಮ್ಯಾಗ್ನಿಫಿಕೇಶನ್ (ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನೋದು) 0.72 ಅಷ್ಟೇ, ನನ್ನದು 1.0. ದೊಡ್ಡದಾಗಿ ಕಂಡಷ್ಟೂ ಫೋಕಸ್ ಸುಲಭ ಆಗಬೇಕಲ್ವಾ? ರಿಪೇರಿಯವರು ರೇಂಜ್‌ಫೈಂಡರ್ (ಎರಡು ಬಿಂಬ ಒಂದಾಗಿಸಿ ಫೋಕಸ್ ಮಾಡುವ ಭಾಗ) ಅಡ್ಜಸ್ಟ್ ಮಾಡಬೇಕು ಅಂತಿದ್ದಾರೆ. ಕೊಡಲಾ?

ಹಳೇ_ಗಾಜು:
ಸದ್ಯಕ್ಕೆ ಕೊಡಬೇಡಿ. ನಿಮ್ಮ ಉತ್ತರ ಮೂಗುಬೊಟ್ಟು ಮತ್ತು ಓಲೆಯಲ್ಲೇ ಇದೆ. ಅಡ್ಜಸ್ಟ್‌ಮೆಂಟ್ ಕೆಟ್ಟಿದ್ದರೆ ಫೋಕಸ್ ಯಾವಾಗಲೂ ಒಂದೇ ಕಡೆ ಜಾರುತ್ತಿತ್ತು, ಪ್ರತಿ ಸಲ ಮುಂದೆ ಅಥವಾ ಪ್ರತಿ ಸಲ ಹಿಂದೆ. ನಿಮ್ಮದು ಎರಡೂ ಕಡೆ ಚದುರಿದೆ. ಸ್ಕ್ರೂ ತಿರುಗಿಸಿದರೆ ಚದುರುವುದು ನಿಲ್ಲುವುದಿಲ್ಲ.

ಮ್ಯಾಗ್ನಿಫಿಕೇಶನ್ ಅರ್ಧ ಲೆಕ್ಕ ಮಾತ್ರ. ಇನ್ನರ್ಧ ಬೇಸ್, ಅಂದರೆ ಕ್ಯಾಮೆರಾದ ಎರಡು ಕಿಟಕಿಗಳ ನಡುವಿನ ದೂರ. ಎರಡನ್ನೂ ಗುಣಿಸಬೇಕು. ಬೆಸ್ಸಾದ ಬೇಸ್ 37 ಎಂಎಂ, 1.0ರಿಂದ ಗುಣಿಸಿದರೂ 37. ಎಂ2ನ ಬೇಸ್ 68.5 ಎಂಎಂ, 0.72ರಿಂದ ಗುಣಿಸಿದರೆ 49. ಚಿಕ್ಕದಾಗಿ ಕಂಡರೂ ಗೆದ್ದಿದ್ದು ಎಂ2.

ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗದಷ್ಟು ವ್ಯತ್ಯಾಸ ಒಳ್ಳೆಯ ಕಣ್ಣಿಗೆ ಗೊತ್ತಾಗುತ್ತದೆ ಅಂದುಕೊಳ್ಳಿ. ಒಂದೂವರೆ ಮೀಟರ್‌ನಲ್ಲಿ ಬೆಸ್ಸಾ ಆಚೆ ಈಚೆ ಸುಮಾರು 18 ಎಂಎಂ ತಪ್ಪಬಹುದು, ಎಂ2 ಸುಮಾರು 13. ನಿಮ್ಮ ಲೆನ್ಸ್ ಎಫ್2ರಲ್ಲಿ ಕೊಡುವ ಡೆಪ್ತ್ (ಶಾರ್ಪ್ ಆಗಿ ಕಾಣುವ ಆಳ) ಒಟ್ಟು 33 ಎಂಎಂ, ಅಂದರೆ ಆಚೆ ಈಚೆ ಹದಿನಾರೂವರೆ. ಬೆಸ್ಸಾ ಕೂದಲೆಳೆಯಲ್ಲಿ ಸೋಲುತ್ತದೆ. ಲೆನ್ಸ್ ಸ್ವಲ್ಪ ಮುಚ್ಚಿ ಎಫ್2.8ಕ್ಕೆ ಹೋದರೆ ಡೆಪ್ತ್ ಒಟ್ಟು 46ರ ಆಸುಪಾಸು, ಆಗ ದಾಟಿಕೊಳ್ಳುತ್ತೀರಿ.

ಬೆಳಕು_ನೆರಳು:
ಸುಮ್ನೆ ಬೆಸ್ಸಾ ಮಾರಿ ಲೈಕಾ ಎಂ3 ತಗೊಳ್ಳಿ. 0.91 ಫೈಂಡರ್, ಗುಣಿಸಿದರೆ 62. ಚಿಂತೆಯೇ ಇಲ್ಲ.

ಸಾಗರದ_ಹುಡುಗ:
ಅಡಿಕೆ ರೇಟ್ ನೋಡ್ಕೊಂಡು ಹೇಳ್ತೀನಿ ಅಣ್ಣ 😄

@ಹಳೇ_ಗಾಜು ಸರ್, ಕೂದಲೆಳೆ ಅಂದಿರಿ. ನನ್ನದು ಮೂಗಿನಿಂದ ಕಿವಿವರೆಗೆ ಹೋಗಿದೆಯಲ್ಲ?

ಹಳೇ_ಗಾಜು:
ಹೌದು, ಅದು ಜಾಸ್ತಿಯಾಯಿತು. ನನ್ನ ಲೆಕ್ಕ ಒಳ್ಳೆಯ ಕಣ್ಣಿನದು. ಕನ್ನಡಕ ಇದೆಯಾ?

ಫಿಲ್ಮ್ ಖರ್ಚಿಲ್ಲದೆ ಒಂದು ಪರೀಕ್ಷೆ ಮಾಡಿ. ಕ್ಯಾಮೆರಾ ಟ್ರೈಪಾಡ್ ಮೇಲಿಡಿ. ಒಂದೂವರೆ ಮೀಟರ್ ದೂರದ ಗೋಡೆಗೆ ಕ್ಯಾಲೆಂಡರ್ ನೇತುಹಾಕಿ, ಅದರ ದಪ್ಪ ಅಂಕಿಯ ನೇರ ಗೆರೆಗೆ ಫೋಕಸ್ ಮಾಡಿ. ಲೆನ್ಸ್‌ನ ಫೋಕಸ್ ರಿಂಗ್ ಮೇಲೆ ಬಿಳಿ ಟೇಪ್ ಸುತ್ತಿ, ರಿಂಗ್ ನಿಂತಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಮತ್ತೆ ಅನಂತಕ್ಕೆ ತಿರುಗಿಸಿ, ಮತ್ತೆ ಫೋಕಸ್, ಮತ್ತೆ ಗೆರೆ. ಹತ್ತು ಸಲ. ಟೇಪ್ ನೋಡಬೇಡಿ, ನೋಡಿದರೆ ಕೈ ತಾನಾಗಿಯೇ ಹಳೆಯ ಗೆರೆಗೆ ಹೋಗುತ್ತದೆ. ಗೆರೆ ಎಳೆಯೋಕೆ ಮನೆಯವರನ್ನು ಕರೆಯಿರಿ.

ರಾತ್ರಿ ಲೆನ್ಸನ್ನು ಅನಂತಕ್ಕಿಟ್ಟು ಚಂದ್ರನನ್ನೂ ನೋಡಿಬಿಡಿ. ವ್ಯೂಫೈಂಡರ್ ನಡುವಿನ ಫೋಕಸ್ ಪ್ಯಾಚ್‌ನಲ್ಲಿ ಎರಡು ಚಂದ್ರ ಕಂಡರೆ ಆಗ ರಿಪೇರಿಯವರ ಮಾತು ಕೇಳೋಣ.

ಸಾಗರದ_ಹುಡುಗ:
ಮೂರು ದಿನ ಮೋಡ. ನಿನ್ನೆ ರಾತ್ರಿ ಸಿಕ್ಕಿತು, ಚಂದ್ರ ಒಂದೇ.

ಕನ್ನಡಕ ಇದೆ ಸರ್, ಮೈನಸ್ 1.5. ಆದರೆ ಹಾಕಿಕೊಂಡರೆ 40ರ ಫ್ರೇಮ್‌ಲೈನ್ (ಫೋಟೋದ ಅಂಚು ತೋರಿಸುವ ಗೆರೆ) ಮೂಲೆ ಕಾಣುವುದಿಲ್ಲ. ಅದಕ್ಕೇ ಕೊಂಡ ದಿನದಿಂದ ಕನ್ನಡಕ ತೆಗೆದೇ ಫೋಟೋ ತೆಗೆಯುತ್ತಿದ್ದೆ. ಟೇಪ್ ಪರೀಕ್ಷೆ ಎರಡು ಥರ ಮಾಡಿದೆ. ಬರಿಗಣ್ಣಿನಲ್ಲಿ ಹತ್ತು ಗೆರೆ ನನ್ನ ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಹರಡಿವೆ. ಕನ್ನಡಕ ಹಾಕಿದಾಗ ಅದರ ಅರ್ಧಕ್ಕಿಂತ ಕಡಿಮೆ. ತಂಗಿಗೆ ನಗು ತಡೆಯೋಕೆ ಆಗಲಿಲ್ಲ.

ಹಳೇ_ಗಾಜು:
ಸಿಕ್ಕಿಬಿತ್ತು. 40ರಲ್ಲಿ ಡೆಪ್ತ್ ಜಾಸ್ತಿ, ಹಾಗಾಗಿ ಇಷ್ಟು ದಿನ ತಪ್ಪು ಮುಚ್ಚಿಹೋಗಿತ್ತು. 90ರ ಫ್ರೇಮ್ ನಡುವೆ ಪುಟ್ಟದಾಗಿರುತ್ತದೆ, ಮೂಲೆ ಕಾಣೋಕೆ ಕಣ್ಣು ಒತ್ತಿ ಹಿಡಿಯಬೇಕಿಲ್ಲ. ಕನ್ನಡಕ ಹಾಕಿಕೊಂಡೇ ತೆಗೆಯಿರಿ.

ಸಾಗರದ_ಹುಡುಗ:
ಅಪ್‌ಡೇಟ್: ಕನ್ನಡಕ ಹಾಕಿ, ಎಫ್2.8ರಲ್ಲಿ ಹನ್ನೆರಡು ಫ್ರೇಮ್. ಹತ್ತರಲ್ಲಿ ಅಜ್ಜಿಯ ರೆಪ್ಪೆ ಎಣಿಸಬಹುದು! ಎರಡರಲ್ಲಿ ಮಾತ್ರ ಮತ್ತೆ ಮೂಗುಬೊಟ್ಟು. ಆ ಎರಡರಲ್ಲಿ ಫೋಕಸ್ ಆದ ಮೇಲೆ ಫ್ರೇಮ್ ಸರಿಮಾಡಲು ಸ್ವಲ್ಪ ವಾಲಿದ್ದು ನೆನಪಿದೆ.

ಹಳೇ_ಗಾಜು:
ನೀವು ಎರಡೂವರೆ ಸೆಂಟಿಮೀಟರ್ ಹಿಂದಕ್ಕೆ ವಾಲಿದರೂ ಸಾಕು, ಕಣ್ಣು ಹೋಗಿ ಮೂಗು ಬರುತ್ತದೆ. ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ನಿಂತುಕೊಳ್ಳಿ.